ಸಲೀಸಾಗಿ ಉರುಳುತ್ತಿದ್ದ ಚಕ್ರ

ಆಯುಧಪೂಜೆಗೆ ನನ್ನ ಹಳೇ ಲಾರಿಯನ್ನು ಉಜ್ಜಿ ತೊಳೆದಷ್ಟು ನಾನು ನನ್ನ ಮೈಯನ್ನೂ ಎಂದೂ ತೊಳೆದವನಲ್ಲ. ಚಕ್ರಗಳ ಸಂದಿಗೆಲ್ಲ ಪೈಪಿನಲ್ಲಿ ನೀರು ಬಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಬಾಳೆಕಂದು ಕಟ್ಟಿದೆ. ಹೂವು ಬಾಡುವವರೆಗೂ ಕದಲಿಸಲು ಮನಸ್ಸು ಬರಲಿಲ್ಲ. ಬಡವನಹಳ್ಳಿಯ ನಮ್ಮ ಮನೆ ಮುಂದೆ ನಾಲ್ಕು ದಿನ ಮದುಮಗಳ ಹಾಗೆ ನಿಂತಿತ್ತು. ಐದನೆಯ ದಿನ ಗೇರ್ ಹಾಕಿದರೆ ಹಿಂದಿನ ಎಡಚಕ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ.

ಮಾರನೆಯ ದಿನವೇ ಬಾಣಂತನ ಮುಗಿಸಿದ ತಂಗಿಯನ್ನೂ ಅವಳ ಕೂಸನ್ನೂ ತೊಟ್ಟಿಲು, ಬೀರು ಸಮೇತ ಪಾವಗಡದ ಗಂಡನ ಮನೆಗೆ ಬಿಡಬೇಕಿತ್ತು. ಕಾರು ಬೇಡ, ಅಣ್ಣನ ಲಾರಿಯಲ್ಲೇ ಹೋಗುತ್ತೇನೆಂದು ಅವಳು ಹಟ ಹಿಡಿದಿದ್ದಳು. ನನಗೋ ಮೂಗಿನ ತುದಿಯಲ್ಲೇ ಕೋಪ. ಜಾಕ್ ಕೊಟ್ಟು ಚಕ್ರ ಬಿಚ್ಚಿ, ಬ್ರೇಕ್ ಡ್ರಮ್ಮಿಗೆ ದೊಡ್ಡ ಸುತ್ತಿಗೆಯಿಂದ ನಾಲ್ಕು ಬಿಟ್ಟೆ. ಅಷ್ಟರಲ್ಲಿ ಶಿರಾದಿಂದ ನಾನೇ ಕರೆಸಿದ್ದ ಮೆಕ್ಯಾನಿಕ್ ಉಸ್ತಾದರು ಬೈಕಿನಿಂದ ಇಳಿಯುತ್ತಲೇ ಕೂಗಿದರು.

"ಅರೇ, ತಡಿ, ಸಬರ್ ಮಾಡಪ್ಪ! ಡ್ರಮ್ ಸೀಳಿದ್ರೆ ಈ ಗಾಡೀಗೆ ಇನ್ನೊಂದು ಎಲ್ಲಿ ಹುಡುಕ್ತೀಯ?"

ಒಳಗೆ ನೀರು ನಿಂತು ತುಕ್ಕು ಹಿಡಿದು, ಬ್ರೇಕ್ ಶೂ ಡ್ರಮ್ಮಿಗೆ ಕಚ್ಚಿಕೊಂಡಿತ್ತು. ಉಸ್ತಾದರು ಮೊದಲು ಅಡ್ಜಸ್ಟರ್ ತಿರುಗಿಸಿ ಶೂಗಳನ್ನು ಸಡಿಲ ಮಾಡಿದರು. ಆಮೇಲೆ ಡ್ರಮ್ಮಿನ ಮುಖದಲ್ಲಿದ್ದ ಎರಡು ತೂತಿಗೆ ಬೋಲ್ಟು ಹಾಕಿ, ಒಂದನ್ನು ಅರ್ಧ ಸುತ್ತು, ಇನ್ನೊಂದನ್ನು ಅರ್ಧ ಸುತ್ತು, ಬೀಡಿ ಸೇದುತ್ತಾ ಬಿಗಿದರು. ಮೈ ಉರಿಯುವಷ್ಟು ನಿಧಾನ. ಕೊನೆಗೆ 'ಟಕ್' ಎಂದು ಡ್ರಮ್ಮು ಬಿಟ್ಟುಕೊಂಡಿತು. ಡ್ರಮ್ಮನ್ನು ಒತ್ತಿ ಹಿಡಿಯುವ, ಶೂ ಮೇಲಿನ ಲೈನಿಂಗ್ ಪಟ್ಟಿ ಇನ್ನೂ ದಪ್ಪಗಿತ್ತು. ತುಕ್ಕು ಉಜ್ಜಿದ್ದೇ ಚಕ್ರ ಹಾಕಲು ಹೊರಟೆ.

"ಆ ಕಡೇದೂ ಬಿಚ್ಚಣ," ಅಂದರು ಉಸ್ತಾದರು.

"ಅದು ಸಲೀಸಾಗಿ ಉರುಳ್ತಾ ಐತಲ್ಲ ಉಸ್ತಾದ್, ಸುಮ್ಕೆ ಯಾಕೆ?"

"ಬ್ರೇಕ್ ಇರೋದು ಹಿಡಿಯಕ್ಕೆ ಕಣಪ್ಪ, ಉರುಳಕ್ಕಲ್ಲ."

ಹೊತ್ತಾಗುತ್ತದೆಂದು ನಾನು ಜಗಳಕ್ಕೇ ನಿಂತೆ. ಕೂಸನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿದ್ದ ತಂಗಿ ಗದರಿದಳು: "ಬಿಚ್ಚುಸ್ಬುಡಣ್ಣ, ನಿನ್ ಅವಸ್ರಕ್ಕಿಷ್ಟು ಬೆಂಕಿ ಹಾಕ!"

ಬಲಗಡೆಯ ಡ್ರಮ್ಮು ಕೈಯಲ್ಲಿ ಎಳೆದರೇ ಬಂತು. ಲೈನಿಂಗ್ ಪೂರಾ ಸವೆದು, ಅದನ್ನು ಕಚ್ಚಿಸಿದ್ದ ರಿವಿಟ್ಟುಗಳು ಡ್ರಮ್ಮಿನ ಒಳಮೈಯನ್ನು ಗೆರೆಗೆರೆಯಾಗಿ ಕೊರೆದಿದ್ದವು. ಇದೇ ಚಕ್ರ ನಂಬಿ ಹಬ್ಬದ ಹಿಂದಿನ ವಾರವಿಡೀ ಶಿಳ್ಳೆ ಹಾಕಿಕೊಂಡು ಶಿರಾಕ್ಕೆ ಕಡಲೆಕಾಯಿ ಸಾಗಿಸಿದ್ದೆ. ನನಗೆ ನಿಜವಾಗಿ ಭಯವಾಯಿತು, ನಾಚಿಕೆಯೂ ಆಯಿತು. ಹೊಸ ಲೈನಿಂಗ್ ಹೊಡೆಸಲು ಶಿರಾಕ್ಕೇ ಹೋಗಬೇಕು, ನಾಳೆಗೆ ಆಗುವುದಿಲ್ಲ ಎಂದು ತಂಗಿಗೆ ತಲೆ ತಗ್ಗಿಸಿಕೊಂಡೇ ಹೇಳಿದೆ. ಲಾರಿಯ ಸಹವಾಸವೇ ಬೇಡ, ಕಾರು ಮಾಡು ಅನ್ನುತ್ತಾಳೆಂದು ಕಾದೆ.

ಅವಳು ಬಗ್ಗಿ ಆ ಗೆರೆಗಳನ್ನೊಮ್ಮೆ ನೋಡಿ, ಕೂಸನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡಳು.

"ನಾಡಿದ್ದು ಹೋಗಣ ಬುಡಣ್ಣ. ನಿನ್ ಗಾಡೀಲೇ."