ಎಸ್‌ಟಿಡಿ ಕೋಡ್ ಹಿಡಿದು ಹಗ್ಗ ಎಳೆದವರು

ಹದಿನೈದು ದಿನದ ಹಿಂದೆ, ಶುಕ್ರವಾರ ಬೆಳಿಗ್ಗೆ, ದೋಹಾದ ಅಲ್ ಮುಂತಜಾದ ಒಂದು ಫ್ಲ್ಯಾಟಿನಲ್ಲಿ ಇಪ್ಪತ್ತು ಮಂದಿ ಗಂಡಸರು ಸೇರಿ ಎರಡು ಗಂಟೆ ಜಗಳ ಆಡಿದೆವು. ವಿಷಯ? ಊರಿನ ಮನೆಯ ಲ್ಯಾಂಡ್‌ಲೈನಿನ ಎಸ್‌ಟಿಡಿ ಕೋಡ್.

ಇಪ್ಪತ್ತರಲ್ಲಿ ಒಬ್ಬನ ಮನೆಯಲ್ಲೂ ಈಗ ಲ್ಯಾಂಡ್‌ಲೈನ್ ಇಲ್ಲ!

ತಪ್ಪು ನನ್ನದೇ. ಐಡಿಯಾ ಕೊಟ್ಟವನು ನಾನು.

ದೋಹಾದಲ್ಲಿರುವ ನಮ್ಮ ಊರಿನವರ ಬಳಗ ವರ್ಷಕ್ಕೊಮ್ಮೆ ಹಗ್ಗಜಗ್ಗಾಟ ನಡೆಸುತ್ತದೆ. ಹಗ್ಗ ಎಳೆಯುವುದು ಸುಲಭ. ಟೀಮ್ ಮಾಡುವುದು ಕಷ್ಟ. ಭಾಷೆ ಪ್ರಕಾರ ಮಾಡೋಣವೆಂದರೆ ಅರ್ಧ ಜನಕ್ಕೆ ತುಳು, ಕೊಂಕಣಿ, ಬ್ಯಾರಿ ಮೂರೂ ಬರುತ್ತವೆ. ಹೋದ ವರ್ಷ ಮದುವೆಯಾದವರು, ಆಗದವರು ಎಂದು ಮಾಡಿದೆವು. ಮದುವೆಯಾದವರು ಸೋತರು, ಮನೆಗೆ ಹೋಗಿ ಮತ್ತೊಮ್ಮೆ ಸೋತರು. ಇನ್ನುಳಿದ ಒಂದು ದಾರಿಯನ್ನು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. (ಆದರೆ ಎಲ್ಲರೂ ಒಮ್ಮೆಲೇ ಚಹಾದ ಲೋಟಕ್ಕೆ ಕೈ ಹಾಕಿದರು.)

ನಾನು ನಜ್ಮಾದಲ್ಲಿ ಹಳೇ ಫರ್ನಿಚರ್ ಅಂಗಡಿ ನಡೆಸುವವನು. ವ್ಯಾಪಾರ ಕುದುರದೆ ನಿಂತರೆ ಇಬ್ಬರಿಗೂ ಸಂಬಂಧ ಇಲ್ಲದ ಒಂದು ಮಾತು ಎತ್ತಬೇಕು. ನೀವೂ ನೆನಪಿಟ್ಟುಕೊಳ್ಳಿ. ನಾನು ಎತ್ತಿದೆ.

"ಎಸ್‌ಟಿಡಿ ಕೋಡ್ ನೋಡಿ ಟೀಮ್ ಮಾಡುವ. ಅದನ್ನು ಕೊಟ್ಟದ್ದು ದೇವರಲ್ಲ, ಟೆಲಿಫೋನ್ ಇಲಾಖೆ."

ಚಪ್ಪಾಳೆ ಬಿತ್ತು. ಮಂಗಳೂರಿನ 0824, ಉಡುಪಿಯ 0820 ಒಂದು ಕಡೆ: ನಾಲ್ಕಂಕಿಯವರು. ಬಂಟ್ವಾಳದ 08255, ಪುತ್ತೂರಿನ 08251 ಇನ್ನೊಂದು ಕಡೆ: ಐದಂಕಿಯವರು. ಎಷ್ಟು ಚೊಕ್ಕ!

ಚೊಕ್ಕತನ ಐದು ನಿಮಿಷವೂ ಬಾಳಲಿಲ್ಲ. ದೊಡ್ಡ ಊರಿಗೆ ಸಣ್ಣ ಕೋಡ್, ಸಣ್ಣ ಊರಿಗೆ ಉದ್ದದ ಕೋಡ್ ಎಂಬುದು ಯಾರಿಗೋ ಹೊಳೆಯಿತು. ನಾಲ್ಕಂಕಿಯವರು ಕಾಲ ಮೇಲೆ ಕಾಲು ಹಾಕಿ ಕುಳಿತರು. ಬಟ್ಟೆ ವ್ಯಾಪಾರಿ ಹಮೀದಾಕ, ಬಂಟ್ವಾಳದವರು, ಐದಂಕಿಯ ಕ್ಯಾಪ್ಟನ್, ಕೆರಳಿದರು.

"ಉಡುಪಿಯವರು ಎಂತ ನಗುವುದು? ನೀವೂ ಮೊದಲು 08252 ಅಲ್ವಾ? ಆಮೇಲೆ ಪ್ರಮೋಶನ್ ಸಿಕ್ಕಿತು, ಅಷ್ಟೇ."

ಎಂಥ ಮಾತು! ನಾವು ಕುಳಿತ ದೇಶ ನೋಡಿ. ಇಲ್ಲಿ ಊರಿಗೊಂದು ಕೋಡ್ ಎಂಬುದೇ ಇಲ್ಲ. 974 ಒತ್ತಿದರೆ ದೋಹಾವೂ ಒಂದೇ, ಅಲ್ ಖೋರೂ ಒಂದೇ. ಏಳಂಕಿಯ ನಂಬರುಗಳನ್ನು ಎಂಟಂಕಿ ಮಾಡಿದಾಗಲೂ ಮೊದಲ ಅಂಕಿಯನ್ನು ಇನ್ನೊಮ್ಮೆ ಬರೆದರು, ಖಲಾಸ್. ಒಂದು ಇಡೀ ದೇಶಕ್ಕೆ ಬೇಡವಾದದ್ದು ನಮ್ಮ ತಾಲೂಕು ತಾಲೂಕಿಗೆ ಬೇಕಾಯಿತೇ?

ಅಕೌಂಟೆಂಟ್ ವಿಲ್ಫಿ ನಮ್ಮ ಕಾರ್ಯದರ್ಶಿ, ನಾಲ್ಕಂಕಿಯ ಕ್ಯಾಪ್ಟನ್. "ದಾಖಲೆ ಬೇಕು" ಎಂದ. ಹಮೀದಾಕ ಅಪ್ಪನ ಅಂಗಡಿಯ ಹಳೇ ಬಟ್ಟೆ ಚೀಲದ ಫೋಟೋ ತೋರಿಸಿದರು, ಅದರಲ್ಲಿ ನಂಬರ್ ಇತ್ತು. ಫ್ಲ್ಯಾಟ್ ವಿಲ್ಫಿಯದ್ದೇ, ಒಳಗೆ ಹೋಗಿ ತನ್ನ ಅಕ್ಕನ ಮದುವೆ ಕಾಗದವನ್ನೇ ತಂದ. ಅದನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು ಎಲ್ಲರ ಮುಂದೆ ತಿರುಗಿಸಿದ. ನನ್ನ ದಾಖಲೆ? "ಹುಡುಕಿಸ್ತಾ ಇದ್ದೇನೆ" ಎಂದೆ.

ಕೊನೆಗೆ ಶೇಖರಣ್ಣ ಎದ್ದರು. ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವವರು. ನೂರಹತ್ತು ಕೆಜಿ. ಹನ್ನೊಂದು ವರ್ಷ ಪ್ರತಿ ಶುಕ್ರವಾರ ಸಂಜೆ ಡ್ಯೂಟಿ, ಒಮ್ಮೆಯೂ ಹಗ್ಗ ಮುಟ್ಟಿದವರಲ್ಲ. ಮುಂದಿನ ತಿಂಗಳು ಇಲ್ಲಿನ ಕೆಲಸ ಮುಗಿಸಿ ಊರಿಗೆ. ಪಂದ್ಯದ ಆ ಒಂದು ಶುಕ್ರವಾರಕ್ಕೆ ರಜೆ ಗಿಟ್ಟಿಸಿದ್ದರು. ಎಳೆದರೆ ಈ ಸಲ, ಇಲ್ಲದಿದ್ದರೆ ಇಲ್ಲ.

"ನಮ್ಮ ಮನೆ ಹೊಳೆಯ ಈಚೆ ದಡ, 08255. ಆದರೆ ಮನೆಯಲ್ಲಿ ಫೋನ್ ಇರಲಿಲ್ಲ ಮಾರಾಯ್ರೆ. ಆಚೆ ದಡದ ಸೋಡಾ ಅಂಗಡಿಯದ್ದು ಪಿ.ಪಿ. ನಂಬರ್. ಅದು 0824. ಫೋನ್ ಬಂದರೆ ಅಂಗಡಿಯವರು ದಡಕ್ಕೆ ಬಂದು ಬೊಬ್ಬೆ ಹಾಕುತ್ತಿದ್ದರು. ನಾನು ದೋಣಿ ಹತ್ತಿ ಹೋಗುವಷ್ಟರಲ್ಲಿ ಕಟ್!"

ಪಿ.ಪಿ. ನೆನಪಿದೆಯಲ್ಲ? ಫೋನ್ ಪಕ್ಕದ ಮನೆಯದ್ದು, ನಂಬರ್ ಮಾತ್ರ ನಮ್ಮದು.

"ಹಾಗಾದರೆ ನಮ್ಮವರು" ಎಂದ ವಿಲ್ಫಿ.

"ಮನೆ ಎಲ್ಲಿ ಉಂಟು ನೋಡು ಮಾರಾಯ. ನಮ್ಮವರು" ಎಂದರು ಹಮೀದಾಕ.

ನೂರಹತ್ತು ಕೆಜಿಯನ್ನು ಯಾರು ಬಿಡುತ್ತಾರೆ? ನಾನು ಚೌಕಾಸಿಗೆ ಇಳಿದೆ. ಮೊದಲ ಎಳೆತ ಅತ್ತ, ಎರಡನೆಯದು ಇತ್ತ? ಆಗದು. ಮೂರನೆಯದಕ್ಕೆ ಏನು ಮಾಡುವುದು? "ಹಗ್ಗದ ನಡುವೆ ನಿಲ್ಲಿಸುವ" ಎಂದ ಒಬ್ಬ. ಶೇಖರಣ್ಣ ಗಂಭೀರವಾಗಿ ಕೇಳಿದರು: "ಯಾವ ಕಡೆಗೆ ಮುಖ ಮಾಡಿ?"

ಕೊನೆಗೆ ವಿಲ್ಫಿ ಫೈಲು ಮುಚ್ಚಿದ. "ಪಿ.ಪಿ. ಅಂದರೆ ಬೇರೆಯವರ ಫೋನ್. ಲೆಕ್ಕಕ್ಕಿಲ್ಲ. ಸ್ವಂತ ಫೋನ್ ಇದ್ದವರು ಮಾತ್ರ ಎಳೆಯಲಿ." ತನಗೆ ಸಿಗದ ಮಾಲು ಪಕ್ಕದವನಿಗೂ ಸಿಗಬಾರದು! ಹಮೀದಾಕ ಕೂಡ ತಲೆಯಾಡಿಸಿದರು.

ಶೇಖರಣ್ಣ ಬಾಗಿಲ ಬಳಿ ಹೋಗಿ ಚಪ್ಪಲಿ ಹುಡುಕತೊಡಗಿದರು. ಅಷ್ಟು ದೊಡ್ಡ ಮನುಷ್ಯ ಬಗ್ಗಿ ಚಪ್ಪಲಿ ಹುಡುಕುವುದನ್ನು ನೋಡಲು ಆಗಲಿಲ್ಲ.

ಇಲ್ಲಿ ನನ್ನ ಕಸುಬಿನ ಒಂದು ಗುಟ್ಟು ಹೇಳುತ್ತೇನೆ. ಉಚಿತ ಸಲಹೆ, ಬರೆದಿಟ್ಟುಕೊಳ್ಳಿ. ಸೋಫಾ ಮಾರುವವನು ಎಲ್ಲಿ ಕೈ ಊರಿ ನಿಂತು ಮಾತಾಡುತ್ತಾನೋ, ಸರಿಯಾಗಿ ಅಲ್ಲೇ ಅದು ಹರಿದಿರುತ್ತದೆ.

"ವಿಲ್ಫಿ, ಆ ಮದುವೆ ಕಾಗದ ಕೊಡು. ಹೆಬ್ಬೆರಳು ತೆಗೆ."

ತೆಗೆಯಲಿಲ್ಲ. ನಾನೇ ತೆಗೆದೆ. ನಂಬರಿನ ಮುಂದೆ, ಸಣ್ಣ ಅಕ್ಷರದಲ್ಲಿ: ಪಿ.ಪಿ.

"ಪಕ್ಕದ ಮೆಂಡೋನ್ಸಾ ಬಾಯಿಯ ಮನೆಯದ್ದು" ಎಂದ ವಿಲ್ಫಿ, ಕಾರ್ಪೆಟ್ ನೋಡುತ್ತ. "ಅವರ ಮಗಳು ಓಡಿ ಬಂದು ಕರೆಯುತ್ತಿದ್ದಳು."

ಹಮೀದಾಕ ಗಹಗಹಿಸಿ ನಕ್ಕರು. ನಡುವೆಯೇ ನಿಂತರು. "ಚೀಲದ ಮೇಲಿನ ನಂಬರ್ ಸ್ವಂತ ಆಗುತ್ತದೆಯಾ? ಅದು... ಪಕ್ಕದ ಅಂಗಡಿಯದ್ದು."

ಮತ್ತೆ ಒಬ್ಬೊಬ್ಬರದಾಗಿ ಹೊರಬಿತ್ತು. ಮರ ಕೊಯ್ಯುವ ಸಾಮಿಲ್‌ನ ಫೋನ್, ಟೀಚರ ಮನೆಯ ಫೋನ್. ನನ್ನದು ರೇಷನ್ ಅಂಗಡಿಯದ್ದು. (ಹುಡುಕಿಸುತ್ತಿದ್ದ ದಾಖಲೆ ಯಾಕೆ ಸಿಗಲಿಲ್ಲ ಎಂದು ಈಗ ತಿಳಿಯಿತಲ್ಲ?) ಸ್ವಂತ ಫೋನ್ ಇದ್ದವರು ಕೊನೆಗೆ ಉಳಿದದ್ದು ಮೂವರು. ಅವರಿಗೆ ಭಯ ಶುರುವಾಯಿತು. ಹದಿನೇಳು ಜನರ ಎದುರು ಮೂವರು ಹಗ್ಗ ಹಿಡಿದರೆ ಹಗ್ಗದ ಜೊತೆ ಅವರೂ ಬರುತ್ತಾರೆ.

"ನಮ್ಮ ಮನೆಗೂ ಅಕ್ಕಪಕ್ಕದವರ ಫೋನ್ ಬರುತ್ತಿತ್ತು, ಕರೆಯಲು ನಾನೇ ಓಡುತ್ತಿದ್ದೆ" ಎಂದ ಅವರಲ್ಲೊಬ್ಬ, ಕೈಮುಗಿಯುವುದೊಂದು ಬಾಕಿ. ಕೂಡಲೇ ಹೊಸ ನಿಯಮ ಸಿಕ್ಕಿತು. ಫೋನ್ ಬಂದಾಗ ಬೊಬ್ಬೆ ಕೇಳಿ ಹೋದವರು ಒಂದು ಟೀಮ್. ಯಾರನ್ನು ಓಡಿಬಂದು ಕರೆಯಬೇಕಿತ್ತೋ ಅವರು ಮತ್ತು ಹಾಗೆ ಕರೆಯಲು ಓಡಿದವರು ಇನ್ನೊಂದು. ಹತ್ತು, ಹತ್ತು!

ಶೇಖರಣ್ಣ ಚಪ್ಪಲಿ ಬಿಟ್ಟು ಒಳಗೆ ಬಂದರು.

ಮೊನ್ನೆ ಶುಕ್ರವಾರ ಸಂಜೆ ಬೊಬ್ಬೆ ಟೀಮಿನ ಕೊನೆಯಲ್ಲಿ ಹಗ್ಗವನ್ನು ಸೊಂಟಕ್ಕೆ ಸುತ್ತಿ ನಿಂತವರು ಅವರೇ. ನಮ್ಮ ಸಾಲಿನಲ್ಲಿ ಹಗ್ಗ ಹಿಡಿದೇ ವಿಲ್ಫಿ ಸೀಟಿ ಊದಿದ. ಶೇಖರಣ್ಣ ಎರಡು ಹೆಜ್ಜೆ ಹಿಂದಿಟ್ಟರು. ಎದುರಿನ ಹತ್ತೂ ಮಂದಿ, ನಾನೂ ಸೇರಿ, ಹುಲ್ಲಿನ ಮೇಲೆ ಮುಖ ಅಡಿಯಾಗಿ ಬಿದ್ದೆವು.

"ಈ ಸಲ ಕಟ್ ಆಗಲಿಲ್ಲ" ಎಂದರು ಶೇಖರಣ್ಣ, ನನ್ನನ್ನು ಎಬ್ಬಿಸುತ್ತ.

ಮೂಗು ತರಚಿದೆ, ತೊಂದರೆಯಿಲ್ಲ. ಅದಿರಲಿ, ಇದನ್ನು ಓದುತ್ತಿರುವ ನಿಮ್ಮ ಹೆಬ್ಬೆರಳು ಈಗ ಯಾವುದರ ಮೇಲಿದೆ?