ತೊಟ್ಟಿಲು ಅಂದ ಬಾಯಿ

ಆ ಗಾಡಿ ಕೊಂಡಿದ್ದು ಅಕ್ಕನಿಗಾಗಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಆದದ್ದನ್ನು ಕೇಳಿದರೆ ಯಾರೂ ನಂಬುವುದಿಲ್ಲ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಇಪ್ಪತ್ತೆರಡಕ್ಕೇ ಗಂಡನನ್ನು ಕಳೆದುಕೊಂಡು ಕೆಂಚಾರ್ಲಹಳ್ಳಿ ಪಕ್ಕದ ನಮ್ಮ ಊರಿಗೆ ವಾಪಸ್ಸು ಬಂದಳು. ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕುವ ಮನೆ, ಇವೆರಡನ್ನು ಬಿಟ್ಟು ಬೇರೇನೂ ನೋಡದೆ ಹತ್ತು ವರ್ಷ ಕಳೆದಿದ್ದಳು. ಮದುವೆ, ನಾಮಕರಣ ಅಂದರೆ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಬಸ್ಸಿಗೆ ಹೋಗೋಣ ಬಾ ಅಂದರೆ ಅವಳೇ ಬೇಡ ಅನ್ನುತ್ತಿದ್ದಳು, ಬೆಳಿಗ್ಗೆ ಬೆಳಿಗ್ಗೆ ಎದುರಾದವರು ಮುಖ ತಿರುಗಿಸುತ್ತಾರೆ ಅಂತ. ಒಂದು ದಿನ ಹುಳುವಿಗೆ ಸೊಪ್ಪು ಹೆಚ್ಚುತ್ತಾ ಕೂತಿದ್ದವಳು ಇದ್ದಕ್ಕಿದ್ದ ಹಾಗೆ, "ಚಿಂತಾಮಣೀಲಿ ಹೋಟ್ಲಲ್ಲಿ ಕೂತ್ಕೊಂಡು ಒಂದು ಮಸಾಲೆ ದೋಸೆ ತಿನ್ಬೇಕು ಕಣೋ, ಒಂದೇ ಒಂದ್ಸಲ" ಅಂದಳು. ಹತ್ತು ವರ್ಷದಲ್ಲಿ ಅವಳು ನನ್ನನ್ನು ಕೇಳಿದ್ದು ಅದೊಂದನ್ನೇ.

ಅರವತ್ತರ ದಶಕ ಆಗತಾನೇ ಶುರುವಾಗಿತ್ತು. ನಾನು ಶಿಡ್ಲಘಟ್ಟದಲ್ಲಿ ಸರ್ಕಾರಿ ಗುಮಾಸ್ತ. ಚಿಕ್ಕಬಳ್ಳಾಪುರದಲ್ಲಿ ನಿವೃತ್ತ ಡಾಕ್ಟರೊಬ್ಬರು ಹಳೇ ಮೋಟಾರ್ ಸೈಕಲ್ ಮಾರುತ್ತಾರೆಂದು ಯಾರೋ ಹೇಳಿದರು. ಅದಕ್ಕೆ ಪಕ್ಕದಲ್ಲಿ ಒಬ್ಬರು ಕೂರುವಂಥ ಡಬ್ಬ, ಆ ಡಬ್ಬಕ್ಕೊಂದು ಚಕ್ರ, ಹೀಗೆ ಒಟ್ಟು ಮೂರು ಚಕ್ರ. ಡಾಕ್ಟರು ಅದರಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ನಂದಿಬೆಟ್ಟದ ಕಡೆ ಸುತ್ತಾಡುತ್ತಿದ್ದರಂತೆ. ಮಂಡಿನೋವು ಶುರುವಾದ ಮೇಲೆ ಶೋಕಿ ಮುಗಿಯಿತು, ಗಾಡಿ ಕೊಟ್ಟಿಗೆ ಸೇರಿತು. ಇಂಜಿನ್ನು ಹತ್ತು ಸಲ ಒದ್ದರೆ ಒಂದು ಸಲ ಗೊಣಗುತ್ತಿತ್ತು. ಜೊತೆಗೆ ಬಂದಿದ್ದ ಮೆಕ್ಯಾನಿಕ್ಕು, "ಬೇಡ ಸಾರ್, ಇದು ನಿಮ್ಮನ್ನ ತಳ್ಳಿಸಿಕೊಂಡೇ ಹೋಗುತ್ತೆ" ಅಂದ. ನಾನು ಇಂಜಿನ್ನು ನೋಡಿದ್ದರೆ ತಾನೇ? ನೋಡಿದ್ದು ಆ ಡಬ್ಬವನ್ನು. ಅದರಲ್ಲಿ ಕೂತರೆ ಅಕ್ಕ ಯಾರ ಪಕ್ಕವೂ ಕೂರಬೇಕಿಲ್ಲ, ಯಾರ ಮುಖವನ್ನೂ ನೋಡಬೇಕಿಲ್ಲ. ಚೌಕಾಸಿ ಕೂಡ ಮಾಡದೆ ಕೊಂಡುಬಿಟ್ಟೆ.

ಊರಿಗೆ ಬಂದಾಗ ಬೀದಿಗೆ ಬೀದಿಯೇ ಸೇರಿತು. ಪಕ್ಕದ ಮನೆಯ ತಾತ ಡಬ್ಬವನ್ನು ತಟ್ಟಿ ನೋಡಿ, ತನ್ನ ಅರ್ಧ ತೆಲುಗಿನಲ್ಲಿ, "ಏಮಪ್ಪಾ ಇದಿ? ಪಕ್ಕಕ್ಕೆ ಏನೋ ಕಟ್ಕೊಂಡ್ ಬಂದಿದೀಯ?" ಅಂದ. ನನ್ನ ಬಾಯಿ ಸುಮ್ಮನಿರಬೇಕಲ್ಲ! "ತೊಟ್ಟಿಲು ತಾತ, ತೊಟ್ಟಿಲು ತಂದಿದೀನಿ" ಅಂದೆ. ಎಲ್ಲರೂ ಗೊಳ್ಳೆಂದು ನಕ್ಕರು. ನನ್ನ ಹೆಂಡತಿಗೆ ಆಗ ಐದು ತಿಂಗಳು. ಅದಕ್ಕೆ ಮುಂಚೆ ಎರಡು ಬಸಿರು ನಿಂತಿರಲಿಲ್ಲ. ಎಲ್ಲರಿಗಿಂತ ಜೋರಾಗಿ ನಕ್ಕವಳು ಅಕ್ಕ.

ಮಾರನೇ ಬೆಳಿಗ್ಗೆ ಅವಳು ತಲೆಗೆ ನೀರು ಹಾಕಿಕೊಂಡು, ಪೆಟ್ಟಿಗೆಯಲ್ಲಿದ್ದ ಬೂದು ಸೀರೆ ಉಟ್ಟು ಬಾಗಿಲಿಗೆ ಬಂದಳು. ಗಾಳಿಗೆ ಹಾರಬಾರದೆಂದು ಸೆರಗನ್ನು ಎರಡೆರಡು ಸಲ ಸಿಕ್ಕಿಸಿಕೊಂಡಳು. ಅಷ್ಟರಲ್ಲಿ ಅಮ್ಮ ಗಾಡಿಗೂ ಅವಳಿಗೂ ಮಧ್ಯೆ ಬಂದು ನಿಂತಳು.

"ಬಸುರಿ ಇರೋ ಮನೆ ಕಣೇ. ತೊಟ್ಟಿಲಲ್ಲಿ ನೀನು ಕೂರಬಾರ್ದಮ್ಮ."

"ಅಯ್ಯೋ ಅಮ್ಮಾ, ಅದು ತೊಟ್ಟಿಲಲ್ಲ! ತಗಡಿನ ಡಬ್ಬ. ಸೈಡ್ ಕಾರು ಅಂತಾರೆ ಅದಕ್ಕೆ" ಅಂದೆ ನಾನು.

"ಊರೆಲ್ಲಾ ಕೇಳೋ ಹಂಗೆ ನೀನೇ ಅಂದ್ಯಲ್ಲಪ್ಪ, ತೊಟ್ಟಿಲು ಅಂತ."

ಜಗಳವಾಡಬಹುದಿತ್ತು. ಆಡಲಿಲ್ಲ. ಬಾಗಿಲ ಮರೆಯಲ್ಲಿ ಹೆಂಡತಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಅವಳ ಮುಖ ನೋಡಿದ ಕೂಡಲೇ ನನಗೂ ಹೆದರಿಕೆಯಾಯಿತು. ಥೂ, ಅಷ್ಟು ಓದಿದವನಿಗೆ ನಾನೇ ತಮಾಷೆಗೆ ಆಡಿದ ಒಂದು ಪದದ ಹೆದರಿಕೆ! "ಮಗು ಆಗ್ಲಿ ಅಕ್ಕ, ಆಮೇಲೆ ಹೋಗಣ" ಅಂದೆ. "ಅದಕ್ಕೇನಂತೆ ಬಿಡೋ" ಅಂದ ಅಕ್ಕ ಒಳಗೆ ಹೋಗಿ ಹಳೇ ಸೀರೆ ಉಟ್ಟು ತೋಟಕ್ಕೆ ಹೊರಟಳು.

ಎಂಟನೇ ತಿಂಗಳಲ್ಲಿ ಹೆಂಡತಿಗೆ ನೋವು ಬಂತು. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಗಂಡುಮಗು. ಎರಡು ದಿನದ ಹಿಂದೆ ಹೊಟ್ಟೆಯಲ್ಲೇ ಹೋಗಿಬಿಟ್ಟಿತ್ತು. "ಯಾರ ತಪ್ಪೂ ಇಲ್ಲಪ್ಪ, ಹಿಂಗಾಗುತ್ತೆ ಒಂದೊಂದ್ಸಲ" ಎಂದರು ನರ್ಸಮ್ಮ. ಬಟ್ಟೆಯಲ್ಲಿ ಸುತ್ತಿದ ಮಗುವನ್ನು ತೋಟದ ಅಂಚಿನಲ್ಲಿ ನಾನೇ ಮಣ್ಣು ಮಾಡಿದೆ.

ಮೂರನೇ ದಿನ ಅಮ್ಮ ಅಕ್ಕನನ್ನು ಹಿಡಿದು ಕೇಳಿದಳು. "ನಿಜ ಹೇಳು. ಯಾರೂ ಇಲ್ದಾಗ ಅದರಲ್ಲಿ ಕೂತಿದ್ಯಾ?"

"ಇಲ್ಲಮ್ಮಾ, ದೇವರಾಣೆ ಇಲ್ಲ" ಅಂದಳು ಅಕ್ಕ. ಅಮ್ಮ ನಂಬಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅವತ್ತು ಸಂಜೆ ಅಕ್ಕ ತೋಟದಲ್ಲಿ ಒಬ್ಬಳೇ ಸೊಪ್ಪು ಬಿಡಿಸುತ್ತಿದ್ದಳು. ಯಾವ ಬಾಯಲ್ಲಿ ಕೇಳಿದೆನೋ, "ಅಕ್ಕ, ಸುಮ್ನೆ ಒಂದ್ಸಲ ಏನಾದ್ರೂ ಕೂತಿದ್ಯಾ?" ಅಂದುಬಿಟ್ಟೆ. ಅವಳು ಸೊಪ್ಪಿನ ಮಂಕರಿಯನ್ನು ಕೆಳಗಿಟ್ಟು ನನ್ನನ್ನು ನೋಡಿದಳು. "ಅಮ್ಮ ಕೇಳಿದ್ಲು, ಸರಿ. ನೀನೂ ಕೇಳ್ದೆಯಲ್ಲೋ" ಅಂದಳು. ಕಾಲು ಹಿಡಿದುಕೊಳ್ಳಬೇಕಿತ್ತು ನಾನು. ಹಿಡಿಯಲಿಲ್ಲ.

ಆಮೇಲೆ ಅವಳು ಗಾಡಿ ನಿಂತ ಕಡೆ ಹಾಯುವುದನ್ನೇ ಬಿಟ್ಟಳು. ಹಿತ್ತಲಿಂದ ಬಳಸಿಕೊಂಡು ತೋಟಕ್ಕೆ ಹೋಗುತ್ತಿದ್ದಳು. ದಿನಾ ಅದನ್ನು ನೋಡಲಾರದೆ ನಾನು ಗಾಡಿಯನ್ನು ಗೌರಿಬಿದನೂರಿನವರೊಬ್ಬರಿಗೆ ಮಾರಿದೆ. ಅವರು ಬಂದು ಒಯ್ಯುವ ದಿನ, ಅಮ್ಮ, ಹೆಂಡತಿ, ಬೀದಿಯವರು ಎಲ್ಲರೂ ನೋಡುತ್ತಿದ್ದಾಗಲೇ ಒಳಗೆ ಹೋಗಿ ಅಕ್ಕನ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದೆ.

"ಬಾ ಅಕ್ಕ, ಕೂತ್ಕೋ. ಕೆರೆ ಏರಿ ತನಕ ಹೋಗಿ ಬರಣ. ಯಾರೇನಂತಾರೋ ನಾನು ನೋಡ್ಕೋತೀನಿ. ನಿನ್ನ ದಮ್ಮಯ್ಯ ಅಂತೀನಿ, ಕೂತ್ಕೋ."

ಈ ಸಲ ಅಮ್ಮ ಅಡ್ಡ ಬರಲಿಲ್ಲ. ಅಕ್ಕ ಆ ಸೀಟನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ ಕೈ ಬಿಡಿಸಿಕೊಂಡಳು.

"ಬೇಡ ಕಣಪ್ಪ. ಈಗ ಕೂತ್ರೆ, ಅವತ್ತೂ ಕೂತಿದ್ಲು ಅಂತಾರೆ."