ಟೇಪಕ್ಕನ ಬೆರಳು

ಆಸ್ಪತ್ರೆಯ ಮೇಲಿನ ಮಹಡಿಯ ಕೊನೇ ಕೋಣೆಯಲ್ಲಿ ಕೂತು ಒಬ್ಬಾಕೆ ಹೆಂಗಸರ ತೋಳಿನ ಸುತ್ತಳತೆ ತೆಗೆಯುತ್ತಾಳೆ. ಎಲ್ಲರೂ ಅವಳನ್ನು ಟೇಪಕ್ಕ ಎಂದೇ ಕರೆಯುವುದು. ಟೇಪು ಹಿಡಿಯುವುದರಲ್ಲಿ ಏನು ಮಹಾ ಇದೆ ಎಂದು ಮೂಗು ಮುರಿಯುವವರೂ ಇದ್ದಾರೆ. ಅಂಥವರು ಒಂದು ಬೆಳಗ್ಗೆ ಬಂದು ತಾವೇ ಹಿಡಿದು ನೋಡಲಿ, ಆಮೇಲೆ ಮೂಗಿನ ವಿಚಾರ ಮಾತಾಡೋಣ.

ಮೊದಲು ಅವಳು ಬಟ್ಟೆ ಹೊಲಿಯುತ್ತಿದ್ದಳು. ರಸ್ತೆ ತಿರುವಿನಲ್ಲಿ ಸಣ್ಣ ಅಂಗಡಿ, ಗಾಜಿನ ಬಾಗಿಲು, ಬಾಗಿಲಿಗೆ ಎದುರಾಗಿ ಮೆಷಿನ್ನು. ಮೆಷಿನ್ನಿಗಿಂತ ಬಾಯಿ ಜೋರು. ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ, ಯಾರ ಮನೆಯಲ್ಲಿ ಅತ್ತೆ ಸೊಸೆ ಮಾತು ಬಿಟ್ಟಿದ್ದಾರೆ ಎಲ್ಲವೂ ಅವಳಿಗೆ ಗೊತ್ತು. ಅಂಗಿ ಹೊಲಿಸಲು ಬಂದವರು ಅಂಗಿಯ ಜೊತೆ ಇಡೀ ಬೀದಿಯ ಸಮಾಚಾರ ಕಟ್ಟಿಸಿಕೊಂಡು ಹೋಗುತ್ತಿದ್ದರು.

ಹಾಗಿದ್ದವಳಿಗೆ ಒಂದು ದಿನ ಸ್ನಾನ ಮಾಡುವಾಗ ಎದೆಯಲ್ಲಿ ಗಂಟು ಸಿಕ್ಕಿತು. ನೋವಿಲ್ಲವಲ್ಲ ಎಂದು ಸುಮ್ಮನಿದ್ದಳು. ನೋವಿಲ್ಲದ ಗಂಟನ್ನೇ ಮೊದಲು ತೋರಿಸಬೇಕು ಎಂದು ಆಗ ಅವಳಿಗೆ ಯಾರು ಹೇಳಿದ್ದರು? ಕೊನೆಗೆ ಸ್ತನವನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆಯಬೇಕಾಯಿತು. ಆಪರೇಷನ್ ಮಾಡಿದ ಡಾಕ್ಟರಮ್ಮ, ಗ್ರಂಥಿ ಹೋದ ಮೇಲೆ ಕೈಯಲ್ಲಿನ ನೀರು ಹರಿದುಹೋಗಲು ದಾರಿ ಸಾಲುವುದಿಲ್ಲ, ಕೈ ದಿಂಬಿನಂತೆ ಊದಿಕೊಂಡರೆ ಮತ್ತೆ ಇಳಿಸುವುದು ಕಷ್ಟ ಎಂದು ಹೇಳಿ, ಆಗಿನ ಕಾಲದ ನಿಯಮವನ್ನೂ ಹೇಳಿದರು. ಆ ಕೈಯಲ್ಲಿ ಇನ್ನು ಭಾರ ಎತ್ತುವ ಹಾಗಿಲ್ಲ. ಬಕೆಟ್ಟಿಲ್ಲ, ಚೀಲವಿಲ್ಲ, ಮಗುವೂ ಇಲ್ಲ.

ಟೇಪಕ್ಕ ಆ ಗೆರೆ ದಾಟಲಿಲ್ಲ. ಬಟ್ಟೆಯ ಗಂಟುಗಳನ್ನು ಎತ್ತಲಾಗದೆ ಅಂಗಡಿ ಮುಚ್ಚಿದಳು. ಮಗಳು ಹೆತ್ತಾಗ ಕುರ್ಚಿಯಲ್ಲಿ ಕೂತು, ಬೇರೆಯವರು ಮೊಮ್ಮಗಳನ್ನು ತಂದು ಮಡಿಲಲ್ಲಿ ಮಲಗಿಸುವ ತನಕ ಕಾದಳು. ಮಗು ನಡೆಯಲು ಕಲಿತು ಬಂದು ಎರಡೂ ಕೈ ಚಾಚಿ "ಎತ್ಕೋ" ಎಂದಾಗಲೂ ಎತ್ತಿಕೊಳ್ಳಲಿಲ್ಲ. ಕೈ ಊದಲಿಲ್ಲ. ನಿಯಮ ಪಾಲಿಸಿದ್ದಕ್ಕೇ ಊದಲಿಲ್ಲ ಎಂದು ನಂಬಿದಳು. ಅಷ್ಟೆಲ್ಲ ಬಿಟ್ಟುಕೊಟ್ಟವಳು ನಂಬದೆ ಇನ್ನೇನು ಮಾಡುತ್ತಾಳೆ?

ವರ್ಷಗಳು ಕಳೆದ ಮೇಲೆ ಅದೇ ಡಾಕ್ಟರಮ್ಮ ಅವಳನ್ನು ಕರೆಸಿದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿಯಲ್ಲ ಆಕೆ. ತಾವೇ ಹೇಳುತ್ತ ಬಂದ ನಿಯಮ ನಿಜವೋ ಸುಳ್ಳೋ ನೋಡಬೇಕೆಂದು ಒಂದು ಅಧ್ಯಯನ ಶುರು ಮಾಡಿದ್ದರು. ಒಪ್ಪಿ ಬಂದ ಹೆಂಗಸರಲ್ಲಿ ಅರ್ಧ ಜನ ಹಳೆಯ ಹಾಗೆ ಕೈಯನ್ನು ಜೋಪಾನ ಮಾಡುವುದು, ಇನ್ನರ್ಧ ಜನ ವ್ಯಾಯಾಮ ಕಲಿಸುವವರ ಎದುರಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಭಾರ ಎತ್ತುತ್ತ ಹೋಗುವುದು. ಯಾರು ಯಾವ ಗುಂಪು ಎನ್ನುವುದನ್ನು ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಆರಿಸುತ್ತದೆ. ಆಮೇಲೆ ಎಲ್ಲರ ತೋಳನ್ನೂ ಆಗಾಗ ಅಳೆಯಬೇಕು.

"ಅಳೆಯೋರಿಗೆ ಗುಂಪು ಗೊತ್ತಾಗಬಾರದು. ಗೊತ್ತಾದ್ರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತೆ," ಎಂದರು ಡಾಕ್ಟರಮ್ಮ. "ಅಳೆಯೋ ಕೆಲಸ ನಿಮಗೇ ಕೊಡ್ತೀನಿ, ಏನೂ ಕೇಳದೆ ಇರ್ತೀರಾ?"

"ನನ್ನ ಬಾಯಿಗೆ ಬೀಗ ನಿಲ್ಲಲ್ಲ ಡಾಕ್ಟರಮ್ಮ," ಎಂದಳು ಟೇಪಕ್ಕ. "ಆದ್ರೆ ಹೊಲಿಗೆ ಬರುತ್ತಲ್ಲ, ಹೊಲ್ಕೊಳ್ತೀನಿ."

ಬಾಯಿ ಹೊಲಿದುಕೊಳ್ಳುವುದಕ್ಕಿಂತ ಬೆರಳಿನ ಬುದ್ಧಿ ಬಿಡಿಸುವುದು ಕಷ್ಟವಾಯಿತು. ಬಟ್ಟೆ ಹೊಲಿಯುವವರು ಅಳತೆ ತೆಗೆಯುವಾಗ ಟೇಪಿನ ಒಳಗೆ ಒಂದು ಬೆರಳು ಇಟ್ಟುಕೊಳ್ಳುತ್ತಾರೆ. ತೋಳು ಬಿಗಿಯಾಗದಿರಲಿ, ಹಾಕಿಕೊಂಡವರು ಉಸಿರಾಡಲಿ ಎಂದು. ಇಲ್ಲಿ ಹಾಗಿಲ್ಲ. ಟೇಪು ಚರ್ಮಕ್ಕೆ ತಾಗಬೇಕು, ಒತ್ತಬಾರದು. ಅಳತೆ ಕಲಿಸಿದ ನರ್ಸು ಅವಳ ಬೆರಳಿಗೆ ಎಷ್ಟು ಸಲ ತಟ್ಟಿದಳೋ. ಮನೆಯಲ್ಲಿ ಮೇಜಿನ ಕಾಲನ್ನೂ ದಿಂಬನ್ನೂ ಅಳೆದು ಸಾಕಾಗಿ ಗಂಡನ ತೋಳು ಹಿಡಿದಳು. "ಮದುವೆಯಾಗಿ ಇಷ್ಟು ವರ್ಷಕ್ಕೆ ಈಗ ನನ್ನ ತೋಳು ಕಣ್ಣಿಗೆ ಬಿತ್ತಾ," ಎಂದ ಆತ. ಕೊನೆಗೂ ಬೆರಳು ಕಲಿಯಿತು. ಅಂಗಡಿ ಮುಚ್ಚಿದ ಮೇಲೆ ಮೊದಲ ಸಲ ಬೆಳಗ್ಗೆ ತಲೆ ಬಾಚಿಕೊಂಡು ಹೊರಡುವುದಕ್ಕೆ ಒಂದು ಜಾಗ ಸಿಕ್ಕಿತ್ತು. ಸಂತೋಷ ಮುಖದಲ್ಲೇ ಕಾಣುತ್ತಿತ್ತು.

ಅಷ್ಟರಲ್ಲಿ ತಂಗಿಗೂ ಅದೇ ಬಂತು. ಪಕ್ಕದ ಮನೆಯಲ್ಲೇ ಇರುವ ಒಡಹುಟ್ಟಿದ ತಂಗಿ, ವಿದ್ಯಾರ್ಥಿಗಳ ಹಾಸ್ಟೆಲಿನಲ್ಲಿ ಅಡುಗೆಯವಳು. ಕುದಿಯುವ ದೊಡ್ಡ ಪಾತ್ರೆಯನ್ನು ಒಬ್ಬಳೇ ಒಲೆಯಿಂದ ಇಳಿಸುವ ಗಟ್ಟಿಗಿತ್ತಿ. ಅಕ್ಕನ ಕಾಟ ತಡೆಯಲಾರದೆ ಸ್ಕ್ಯಾನಿಗೆ ಹೋಗಿದ್ದಳು, ಅಲ್ಲಿ ಗಂಟು ಕಂಡಿತು. ಆಪರೇಷನ್ ಆಯಿತು, ಗ್ರಂಥಿಗಳೂ ಹೋದವು, ಔಷಧಿಯಿಂದ ಕೂದಲೂ ಹೋಗಿ ಮತ್ತೆ ಬಂತು. ಹಾಸ್ಟೆಲಿನವರು ಅವಳಿಗೆ ತರಕಾರಿ ಹೆಚ್ಚುವ ಕೆಲಸ ಕೊಟ್ಟು ಪಾತ್ರೆಗಳಿಗೆ ಬೇರೆಯವಳನ್ನು ತಂದರು. ತಂಗಿ ಅಧ್ಯಯನಕ್ಕೆ ಸೇರಿದಳು.

ಟೇಪಕ್ಕ ನೆಟ್ಟಗೆ ಡಾಕ್ಟರಮ್ಮನ ಹತ್ತಿರ ಹೋಗಿ, "ಅವಳು ನನ್ನ ತಂಗಿ. ಅವಳ ಕೈ ನಾನು ಅಳೆಯಲ್ಲ," ಎಂದಳು. ಅದನ್ನು ನರ್ಸೇ ಅಳೆಯುವುದೆಂದಾಯಿತು. ಇಲ್ಲಿಯವರೆಗೆ ಎಲ್ಲ ಸರಿ.

ಆದರೆ ಸಂಕಟ ಆಸ್ಪತ್ರೆಯಲ್ಲೇ ಉಳಿಯುತ್ತದೆಯೇ? ಅದು ಅವಳ ಹಿಂದೆಯೇ ಮನೆಗೆ ಬಂತು. ದಿನಾ ಸಂಜೆ ತಂಗಿ ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಒಳಗೆ ಒಬ್ಬಳೇ ಇರುತ್ತಿದ್ದಳು. ಒಳಗೆ ಭಾರ ಎತ್ತುತ್ತಿದ್ದಾಳೆ ಎಂದು ಟೇಪಕ್ಕನಿಗೆ ಖಾತ್ರಿಯಾಯಿತು. ತಾನು ಇಷ್ಟು ವರ್ಷ ಒಂದು ಚೀಲ ಎತ್ತದೆ ಕೈ ಉಳಿಸಿಕೊಂಡಿದ್ದರೆ, ಇವಳು ಬೇಕೆಂದೇ ಊದಿಸಿಕೊಳ್ಳುತ್ತಿದ್ದಾಳೆ. ಊಟಕ್ಕೆ ಕೂತಾಗ ಬಾಯಿ ತಡೆಯಲಿಲ್ಲ. "ಆ ಕೈ ಹುಷಾರು ಕಣೇ."

"ಅಕ್ಕ, ನೀನು ಕೇಳಬಾರದು, ನಾನು ಹೇಳಬಾರದು," ಎಂದಳು ತಂಗಿ. "ತಣ್ಣಗಾಗುತ್ತೆ, ಊಟ ಮಾಡು."

ಆ ದಿನಗಳಲ್ಲೇ ಒಂದು ಬೆಳಗ್ಗೆ ಆಸ್ಪತ್ರೆಗೆ ಅಳತೆಗೆ ಬಂದ ಒಬ್ಬ ಬಸ್ ಕಂಡಕ್ಟರ್ ಹೆಂಗಸು ನಗುತ್ತ, "ಏನಕ್ಕ, ನನಗೆ ಅಂಗಿ ಹೊಲೀತಿದ್ದೀರಾ? ಬೆರಳು ಒಳಗಿದೆಯಲ್ಲ," ಎಂದಳು.

ಟೇಪಕ್ಕ ನೋಡಿದಳು. ಹೌದು, ತೋರುಬೆರಳು ಟೇಪಿನ ಒಳಗೆ ಹೋಗಿ ಕೂತಿತ್ತು. ಥಟ್ಟನೆ ಟೇಪು ಬಿಚ್ಚಿದಳು. ಸ್ವಲ್ಪ ಹೊತ್ತಿಗೆ ಮುಂಚೆ ಬಂದಿದ್ದ ಒಬ್ಬ ಟೀಚರಮ್ಮನನ್ನು ಅಳೆಯುವಾಗ ಬೆರಳು ಹೊರಗಿತ್ತು, ಅದು ಚೆನ್ನಾಗಿ ನೆನಪಿದೆ. ಟೀಚರಮ್ಮ ತನ್ನ ಚೀಲವನ್ನು ಆಪರೇಷನ್ ಆಗದ ಕೈಯಲ್ಲಿ ಹಿಡಿದು ಬಂದಿದ್ದಳು. ಕಂಡಕ್ಟರ್ ಬಂದಿದ್ದು ಆಪರೇಷನ್ ಆದ ಕಡೆಯ ಹೆಗಲಿಗೇ ಚೀಲ ಹಾಕಿಕೊಂಡು. ಕಣ್ಣು ಅದನ್ನು ನೋಡಿತ್ತು, ಇವಳು ಎತ್ತುವ ಗುಂಪಿನವಳು ಎಂದು ಮನಸ್ಸು ಅಂದುಕೊಂಡಿತ್ತು, ಬೆರಳು ಒಳಗೆ ಹೋಗಿತ್ತು. ಬೆರಳು ಒಳಗಿದ್ದರೆ ತೋಳು ಊದಿದ ಹಾಗೆ ಅಳತೆ ಬರುತ್ತದೆ.

ಮಧ್ಯಾಹ್ನ ಅವಳು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಕಂಡಕ್ಟರ್ ತಮಾಷೆ ಮಾಡಿ ಮರೆತು ಹೋಗಿದ್ದಳು, ಬೇರೆ ಯಾರೂ ನೋಡಿರಲಿಲ್ಲ. ಹೇಳಿದರೆ ಕೆಲಸ ಹೋಗಬಹುದು, ಮತ್ತೆ ಮನೆಯಲ್ಲಿ ಗೋಡೆ ನೋಡುತ್ತ ಕೂರಬೇಕು. ಅದಕ್ಕಿಂತ ಕೆಟ್ಟದ್ದನ್ನು ಒಳಗಿನ ಮನಸ್ಸು ಪಿಸುಗುಡುತ್ತಿತ್ತು. ಇರಲಿ ಬಿಡು, ಎತ್ತಿದವರ ಕೈ ಊದುತ್ತದೆ ಎಂದೇ ಆಗಲಿ. ಡಾಕ್ಟರಮ್ಮ ಎತ್ತುವುದನ್ನು ನಿಲ್ಲಿಸುತ್ತಾರೆ, ತಂಗಿಯ ಕೈ ಉಳಿಯುತ್ತದೆ, ನೀನು ಇಷ್ಟು ವರ್ಷ ಬಿಟ್ಟುಕೊಟ್ಟದ್ದಕ್ಕೂ ಒಂದು ಅರ್ಥ ಇರುತ್ತದೆ. ಬೆರಳು ಕೇಳುತ್ತಿದ್ದುದು ಈ ಮಾತನ್ನೇ ಎಂದು ಅವಳಿಗೆ ಸ್ಪಷ್ಟವಾಗಿ ತಿಳಿಯಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು? ಎದ್ದು ಹೋಗಿ ಡಾಕ್ಟರಮ್ಮನ ಬಾಗಿಲು ತಟ್ಟಿದಳು.

"ಡಾಕ್ಟರಮ್ಮ, ನನ್ನ ಬೆರಳು ಪಕ್ಷ ವಹಿಸ್ತಿದೆ."

ಎಲ್ಲವನ್ನೂ ಹೇಳಿದಳು, ಚೀಲದ ವಿಚಾರ, ತಂಗಿಯ ಮುಚ್ಚಿದ ಬಾಗಿಲು, ಒಳಗಿನ ಪಿಸುಮಾತು. ಡಾಕ್ಟರಮ್ಮನಿಗೆ ಸಿಟ್ಟು ಬಂತು. ಬಾರದೆ ಏನು, ತಿಂಗಳುಗಳ ಕೆಲಸ ಅದು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಹೇಳಿದರು, "ನಿಮ್ಮ ತಂಗಿ ಸೇರಿದ ಮೇಲೆ ನೀವು ಅಳೆದಿದ್ದು ಒಂದೂ ಲೆಕ್ಕಕ್ಕಿಲ್ಲ. ನರ್ಸು ಎಲ್ಲರನ್ನೂ ಮತ್ತೆ ಅಳೀತಾಳೆ. ನಿಮ್ಮನ್ನ ಇಟ್ಕೊಳ್ಳೋದಾ ಬೇಡ್ವಾ ಅಂತ ಈ ಅಧ್ಯಯನ ನೋಡಿಕೊಳ್ಳೋ ಮೇಲಿನ ಸಮಿತಿಯವರು ಹೇಳಲಿ."

"ಆಗಲಿ," ಎಂದಳು ಟೇಪಕ್ಕ. "ಮತ್ತೆ ಅಳೆಸಿಕೊಳ್ಳಬೇಕಾದವರಿಗೆಲ್ಲ ಫೋನು ನಾನೇ ಮಾಡ್ತೀನಿ."

ಅದೇ ನೋಡಿ ಅವಳ ದೊಡ್ಡತನ. ಬೇರೆಯವರಾಗಿದ್ದರೆ ಆಸ್ಪತ್ರೆಯ ಮೇಲೆ ಹಾಕಿ ಕೈ ತೊಳೆದುಕೊಳ್ಳುತ್ತಿದ್ದರು. ಇವಳು ಒಬ್ಬೊಬ್ಬರಿಗೂ ಫೋನು ಮಾಡಿ, "ತಪ್ಪು ನಂದು, ಇನ್ನೊಂದು ಸಲ ಬಂದು ಹೋಗ್ರಮ್ಮ," ಎಂದಳು. ಕೆಲಸ ಬಿಟ್ಟು ಬರಬೇಕಾದ ಕೆಲವರು ಚೆನ್ನಾಗಿ ಬೈದರು. ಬೈಸಿಕೊಂಡಳು. ಮೊದಲು ಬಂದವಳು ಕಂಡಕ್ಟರೇ.

ಸಮಿತಿಯವರು ಅವಳನ್ನು ಉಳಿಸಿಕೊಂಡರು, ಆದರೆ ಬಂದವರು ಅವಳ ಕಣ್ಣಿಗೆ ಬೀಳಬಾರದು ಎಂದರು. ಟೇಪಕ್ಕ ದಪ್ಪ ಬಟ್ಟೆ ತಂದು ಒಂದು ಪರದೆ ಹೊಲಿದಳು. ನಡುವೆ ಒಂದು ತೂತು, ತೂತಿಗೆ ಅಗಲವಾದ ಗಿಡ್ಡ ತೋಳು. ಆಚೆ ಕೂತವರು ಕೈ ತೂರಿಸಬೇಕು, ಈಚೆ ಇವಳು ಅಳೆಯಬೇಕು, ಎರಡೂ ಕಡೆ ಮಾತಿಲ್ಲ. ಬೀದಿಯ ಸಮಾಚಾರವೆಲ್ಲ ನಾಲಿಗೆ ತುದಿಯಲ್ಲಿ ಇಟ್ಟುಕೊಂಡಿದ್ದ ಹೆಂಗಸು ಒಂದು ಮುಖ ನೋಡದೆ, ಒಂದು ಮಾತು ಆಡದೆ, ಬರೀ ತೋಳುಗಳ ಜೊತೆ ವರ್ಷಗಳನ್ನು ಕಳೆದಳು. ಕೆಲವು ತುಂಟ ಕೈಗಳು ಅಳತೆ ಮುಗಿದ ಮೇಲೆ ಅವಳ ಮೂಗು ಹುಡುಕಿ ಹಿಂಡಿ ಹೋಗುತ್ತಿದ್ದವು.

ಒಂದು ಬೆಳಗ್ಗೆ ಹೊಸದಾಗಿ ಕೆಲಸಕ್ಕೆ ಸೇರಿದವರೊಬ್ಬರು ಯಾರನ್ನು ಯಾರ ಹತ್ತಿರ ಕಳಿಸಬೇಕು ಎನ್ನುವುದರಲ್ಲಿ ತಪ್ಪಿದರು. ಪರದೆಯಿಂದ ಬಂದ ತೋಳಿನ ಮೇಲೆ ಪಾತ್ರೆಯ ಅಂಚು ತಾಗಿ ಸುಟ್ಟ ಹಳೆಯ ಕಲೆ ಇತ್ತು. ಆ ಕಲೆಗೆ ಮುಲಾಮು ಹಚ್ಚಿದವಳು ಟೇಪಕ್ಕನೇ. ಟೇಪು ಕೈಯಲ್ಲೇ ಇತ್ತು. ಒಂದು ಸುತ್ತು ಹಾಕಿದರೆ ಸಾಕು, ಊದಿದೆಯೋ ಇಲ್ಲವೋ ತಿಳಿದುಹೋಗುತ್ತದೆ, ಮನೆಯಲ್ಲಿ ಅನ್ನ ಗಂಟಲಲ್ಲಿ ಇಳಿಯುತ್ತದೆ. ಟೇಪನ್ನು ಮೇಜಿನ ಮೇಲಿಟ್ಟು, ಆ ತೋಳನ್ನು ನೋಡದಂತೆ ಮುಖ ಗೋಡೆಯ ಕಡೆ ತಿರುಗಿಸಿ, ತಂಗಿಯ ಅಂಗೈ ಮಾತ್ರ ಹಿಡಿದುಕೊಂಡಳು. ಆಚೆಯಿಂದ ಬೆರಳುಗಳು ಗಟ್ಟಿಯಾಗಿ ಹಿಡಿದವು. "ಇದು ನನ್ನದಲ್ಲ, ನರ್ಸಮ್ಮನ್ನ ಕರೀರಿ," ಎಂದು ಕೂಗಿ ಹೊರಗೆ ನಡೆದಳು.

ಕೊನೆಗೂ ಅಧ್ಯಯನ ಮುಗಿಯಿತು. ಎಲ್ಲ ಹೆಂಗಸರನ್ನೂ ಆಸ್ಪತ್ರೆಯ ದೊಡ್ಡ ಕೋಣೆಗೆ ಕರೆಸಿ ಡಾಕ್ಟರಮ್ಮ ಎದ್ದು ನಿಂತು ಹೇಳಿದರು. "ಇಲ್ಲಿಗೆ ಬಂದ ನಿಮ್ಮೆಲ್ಲರ ಮಟ್ಟಿಗೆ ಹೇಳೋದಾದ್ರೆ, ಹಂತಹಂತವಾಗಿ ಭಾರ ಎತ್ತಿದವರ ಕೈ, ಎತ್ತದವರ ಕೈಗಿಂತ ಹೆಚ್ಚು ಊದಲಿಲ್ಲ."

ಕೋಣೆಯಲ್ಲಿ ಗುಜುಗುಜು ಎದ್ದಿತು. ಕಂಡಕ್ಟರ್ ಚಪ್ಪಾಳೆ ತಟ್ಟಿದಳು. ಟೇಪಕ್ಕ ಹಿಂದಿನ ಸಾಲಿನಲ್ಲಿ ಎದ್ದು ನಿಂತಳು.

"ಹಾಗಾದ್ರೆ ನಾನು ಎತ್ತಬಹುದಿತ್ತಾ, ಡಾಕ್ಟರಮ್ಮ?"

ಡಾಕ್ಟರಮ್ಮ ಅವಳ ಕಡೆ ತಿರುಗಿದರು. "ಎತ್ತಬಹುದಿತ್ತು ಅನ್ಸುತ್ತೆ. ಎತ್ತಬೇಡಿ ಅಂದಿದ್ದು ನಾನೇ."

ಟೇಪಕ್ಕನಿಗೆ ಎಲ್ಲರ ಎದುರಿನಲ್ಲೇ ಅಳು ಬಂತು, ಸಿಟ್ಟೂ ಬಂತು. ಮೊಮ್ಮಗಳು ಈಗ ಅವಳಷ್ಟೇ ಎತ್ತರ ಬೆಳೆದಿದ್ದಾಳೆ. ಎತ್ತಿಕೊಳ್ಳುವ ಕಾಲ ಮುಗಿದು ಹೋಗಿದೆ, ಅದನ್ನು ಯಾವ ಡಾಕ್ಟರೂ ವಾಪಸು ಕೊಡಲಾರರು. ತುಂಬ ಹೊತ್ತು ಅತ್ತಳು. ಮೂಗು ಒರೆಸಿಕೊಂಡ ಮೇಲೆ, "ಆವಾಗ ನಿಮಗೂ ಗೊತ್ತಿರಲಿಲ್ಲ," ಎಂದಳು. "ಇನ್ಮೇಲೆ ಬರೋರಿಗಾದ್ರೂ ಸರಿಯಾಗಿ ಹೇಳಿ."

ಹೊರಗೆ ಬಂದಾಗ ತಂಗಿ ಅವಳ ಪಕ್ಕಕ್ಕೆ ಬಂದು ನಿಂತಳು. ಈಗ ಕೇಳಬಹುದಿತ್ತು, ಹೇಳಬಹುದಿತ್ತು.

"ನಾನು ಜೋಪಾನದ ಗುಂಪು, ಅಕ್ಕ. ಒಂದು ದಿನವೂ ಎತ್ತಿಲ್ಲ."

"ಮತ್ತೆ ದಿನಾ ಸಂಜೆ ಬಾಗಿಲು ಹಾಕ್ಕೊಂಡು ಏನು ಮಾಡ್ತಿದ್ದೆ?"

"ಅಳ್ತಿದ್ದೆ. ಆ ಪಾತ್ರೆಗಳನ್ನ ಇನ್ನು ಮುಟ್ಟೋಕೂ ಆಗಲ್ವೇನೋ ಅಂತ."

ಜೋಪಾನದ ಗುಂಪಿನವರಿಗೂ ಇನ್ನು ಎತ್ತುವುದನ್ನು ಕಲಿಸುತ್ತಾರೆ ಎಂದು ಹೇಳಿದ್ದರು. ಟೇಪಕ್ಕನನ್ನೂ ಸೇರಿಸಿಕೊಳ್ಳುವಂತೆ ಡಾಕ್ಟರಮ್ಮ ಚೀಟಿ ಬರೆದು ಕೊಟ್ಟರು. ಮುಂದಿನ ವಾರ ಅಕ್ಕತಂಗಿಯರು ವ್ಯಾಯಾಮದ ಕೋಣೆಯಲ್ಲಿ ಕನ್ನಡಿಯ ಎದುರು ನಿಂತರು. ಕಲಿಸುವಾಕೆ ಇಬ್ಬರ ಕೈಗೂ ಒಂದೊಂದು ಸಣ್ಣ ತೂಕ ಕೊಟ್ಟಳು, ಲೋಟದ ನೀರಿಗಿಂತ ಸ್ವಲ್ಪ ಭಾರ. ತಂಗಿ ಹಲ್ಲು ಕಚ್ಚಿ ಎತ್ತಿದಳು. ಟೇಪಕ್ಕನ ಕೈ ಮಾತ್ರ ತೊಡೆಯ ಪಕ್ಕದಿಂದ ಮೇಲೇಳಲಿಲ್ಲ. ಅಷ್ಟು ವರ್ಷ ಕಾಪಾಡಿಕೊಂಡು ಬಂದ ಕೈ ಅದು.

"ಆಗಲ್ಲ ಕಣೇ, ಭಯ ಆಗುತ್ತೆ," ಎಂದಳು.

ತಂಗಿ ತನ್ನ ತೂಕವನ್ನು ಎತ್ತಿ ಹಿಡಿದೇ ಅವಳ ಕಡೆ ತಿರುಗಿದಳು. "ಅಕ್ಕ, ಇಷ್ಟು ಜನರ ಕೈ ಅಳೆದೋಳು ನೀನು. ನಿನ್ನ ಅಳತೇನ ನಾವೆಲ್ಲ ನಂಬಿದ್ದೀವಿ. ನೀನೊಬ್ಬಳೇ ನಂಬಲ್ವಾ?"

ಟೇಪಕ್ಕ ಕಣ್ಣು ಮುಚ್ಚಿಕೊಂಡು ಎತ್ತಿದಳು.